ತರಗತಿಯಲ್ಲಿ ಕೂರದ ಹುಡುಗ ಶಾಲೆಗೆ ಕಪ್ ತಂದ: ಟಿಮ್ ಟೀಬೋ ಪ್ರಕರಣ

ಅಮೆರಿಕದ ಫ್ಲೋರಿಡಾ ರಾಜ್ಯದ ಜಾಕ್ಸನ್‌ವಿಲ್ ನಗರದ ಅಂಚಿನಲ್ಲಿ ಟೀಬೋ ಕುಟುಂಬಕ್ಕೆ ಜಮೀನಿತ್ತು, ಅಲ್ಲೇ ಮನೆಯೂ ಇತ್ತು. ಐದು ಮಕ್ಕಳು ಬೆಳೆದ ಮನೆ ಅದು. ಹಾಗಿದ್ದರೂ 2003ರ ಹೊತ್ತಿಗೆ ತಾಯಿ ಪ್ಯಾಮ್ ಟೀಬೋ ಕಿರಿಯ ಮಗ ಟಿಮ್‌ನನ್ನು ಕರೆದುಕೊಂಡು ಪಕ್ಕದ ಸೇಂಟ್ ಜಾನ್ಸ್ ಕೌಂಟಿಗೆ ಹೋದರು. ಅಲ್ಲಿ ಒಂದು ಅಪಾರ್ಟ್‌ಮೆಂಟ್ ಹಿಡಿದು ವಾಸಕ್ಕೆ ನಿಂತರು. ಕೌಂಟಿ ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ ಇದ್ದ ಹಾಗೆ. ಜಿಲ್ಲೆ ದಾಟಿ ಬಂದದ್ದಕ್ಕೆ ಕಾರಣ ಒಂದೇ. ಅಲ್ಲಿನ ನೀಸ್ ಹೈಸ್ಕೂಲು ಅನ್ನುವ ಸರ್ಕಾರಿ ಶಾಲೆಯ ಫುಟ್‌ಬಾಲ್ ತಂಡದಲ್ಲಿ ಮಗ ಆಡಬೇಕಿತ್ತು. ಫುಟ್‌ಬಾಲ್ ಅಂದರೆ ಇಲ್ಲಿ ಅಮೆರಿಕನ್ ಫುಟ್‌ಬಾಲ್, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ.

ಒಳ್ಳೆ ಶಾಲೆ ಸಿಗಲಿ ಅಂತ ಮನೆ ಬದಲಾಯಿಸುವವರು ನಮ್ಮಲ್ಲೂ ಇದ್ದಾರೆ, ಇದರಲ್ಲೇನು ದೊಡ್ಡ ಸುದ್ದಿ ಅನ್ನಿಸಬಹುದು. ಆದರೆ ಈ ಹುಡುಗ ಆ ಶಾಲೆಗೆ ಓದಲು ಸೇರಲಿಲ್ಲ. ಅವನ ಓದು ಮೊದಲಿನಿಂದಲೂ ಮನೆಯಲ್ಲೇ, ಅಮ್ಮನ ಹತ್ತಿರ. ಪಾಠ ಮನೆಯಲ್ಲಿ, ಆಟ ಶಾಲೆಯಲ್ಲಿ. ಫ್ಲೋರಿಡಾದ ಕಾನೂನು ಇದಕ್ಕೆ ಒಪ್ಪಿಗೆ ಕೊಟ್ಟಿತ್ತು.

ಮುಂದೆ ಅವನು ದೇಶಕ್ಕೆಲ್ಲ ಗೊತ್ತಿರುವ ಆಟಗಾರನಾದ. ಮನೆಯಲ್ಲೇ ಓದುವ ಮಕ್ಕಳನ್ನು ಶಾಲೆಯ ತಂಡಕ್ಕೆ ಸೇರಿಸಿಕೊಳ್ಳಿ ಎಂದು ಬೇರೆ ರಾಜ್ಯಗಳಲ್ಲಿ ಮಸೂದೆಗಳು ಬಂದಾಗ ಜನ ಅವನ್ನು 'ಟೀಬೋ ಮಸೂದೆ' ಎಂದೇ ಕರೆದರು. ಆದ್ದರಿಂದ ಈ ಒಂದು ಪ್ರಕರಣವನ್ನು ಬಿಡಿಸಿ ನೋಡಬೇಕು ಅನ್ನಿಸಿತು. ಮೊದಲೇ ಹೇಳಿಬಿಡುತ್ತೇನೆ. ಈ ಮಕ್ಕಳಿಗೆ ಅವಕಾಶ ಸಿಗಬೇಕು ಅನ್ನುವ ಕಡೆಯವನು ನಾನು. ಆದರೆ ಆ ವಾದಕ್ಕೆ ಟೀಬೋ ಹೆಸರು ಇಟ್ಟದ್ದರಿಂದ ಲಾಭಕ್ಕಿಂತ ನಷ್ಟವೇ ಜಾಸ್ತಿ ಆಯಿತು ಎಂದೂ ನನಗೆ ಅನ್ನಿಸುತ್ತದೆ.

ಹುಡುಗ, ಮನೆ, ಓದು

ಟಿಮ್ ಹುಟ್ಟಿದ್ದು 1987ರ ಆಗಸ್ಟ್ 14ರಂದು, ಫಿಲಿಪ್ಪೀನ್ಸ್‌ನಲ್ಲಿ. ತಂದೆ ಬಾಬ್ ಟೀಬೋ ಅಲ್ಲಿ ಕ್ರೈಸ್ತ ಮಿಷನರಿ ಕೆಲಸದಲ್ಲಿದ್ದರು. ಹುಡುಗನಿಗೆ ಮೂರು ವರ್ಷವಾದಾಗ ಕುಟುಂಬ ಜಾಕ್ಸನ್‌ವಿಲ್‌ಗೆ ವಾಪಸ್ಸು ಬಂತು. ಐದೂ ಮಕ್ಕಳಿಗೆ ತಾಯಿಯೇ ಮೇಡಂ. ಧರ್ಮದ ನಂಬಿಕೆಯನ್ನು ಮಕ್ಕಳಿಗೆ ತಾವೇ ಕಲಿಸಬೇಕು ಅನ್ನುವುದು ದೊಡ್ಡ ಕಾರಣವಾಗಿತ್ತು. ಟಿಮ್ ವಿಷಯದಲ್ಲಿ ಇನ್ನೊಂದೂ ಸೇರಿಕೊಂಡಿತ್ತು. ಅವನಿಗೆ ಡಿಸ್‌ಲೆಕ್ಸಿಯಾ ಇತ್ತು. ಅಕ್ಷರ ಓದುವುದು ಕಷ್ಟ, ಕೇಳಿ, ಮುಟ್ಟಿ, ಮಾಡಿ ಕಲಿಯುವುದು ಸುಲಭ. ನಲವತ್ತು ಮಕ್ಕಳಿರುವ ಕೋಣೆಯಲ್ಲಿ ಇಂಥ ಹುಡುಗನಿಗೆ ಏನಾಗುತ್ತದೆ ಎಂದು ಮೇಷ್ಟರಾಗಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ. ಅವನ ಮಟ್ಟಿಗೆ ಮನೆಯ ಓದು ಸರಿಯಾದ ಓದೇ ಆಗಿತ್ತು.

ಅಮೆರಿಕದಲ್ಲಿ ಇದು ಆಗಲೇ ಅಪರೂಪದ ಸಂಗತಿಯಾಗಿ ಉಳಿದಿರಲಿಲ್ಲ. ಅಲ್ಲಿನ ಶಿಕ್ಷಣ ಇಲಾಖೆಯ ಅಂದಾಜಿನಂತೆ 1999ರಲ್ಲಿ ಸುಮಾರು 8.5 ಲಕ್ಷ ಮಕ್ಕಳು ಮನೆಯಲ್ಲೇ ಓದುತ್ತಿದ್ದರು. 2003ರ ಹೊತ್ತಿಗೆ ಆ ಸಂಖ್ಯೆ 11 ಲಕ್ಷದ ಹತ್ತಿರ ಬಂದಿತ್ತು. ಅವರಲ್ಲಿ ಓಡುವವರು, ಈಜುವವರು, ಬಾಸ್ಕೆಟ್‌ಬಾಲ್ ಹುಚ್ಚಿನವರು ಎಲ್ಲರೂ ಇದ್ದರು. ಅವರೆಲ್ಲ ಆಡುವುದಾದರೂ ಎಲ್ಲಿ?

ನಮ್ಮಲ್ಲಿ ಈ ಪ್ರಶ್ನೆ ಇಷ್ಟು ಚುಚ್ಚುವುದಿಲ್ಲ. ಬೆಂಗಳೂರಿನಲ್ಲಿ ಮನೆಯಲ್ಲೇ ಓದುವ ಹುಡುಗಿಗೆ ಕ್ರಿಕೆಟ್ ಆಸೆ ಇದ್ದರೆ ಅಕಾಡೆಮಿಗೆ ಸೇರುತ್ತಾಳೆ, ಕ್ಲಬ್ಬಿಗೆ ಆಡುತ್ತಾಳೆ. ಶಾಲೆಯ ತಂಡ ಒಂದು ಬಾಗಿಲು, ಅದೊಂದೇ ಬಾಗಿಲಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹಾಗಿಲ್ಲ. ಹೆಲ್ಮೆಟ್ಟು, ಭುಜದ ಕವಚ, ನಾಲ್ಕಾರು ಕೋಚ್‌ಗಳು, ಮೈದಾನ, ಒಂದು ಪಕ್ಕಕ್ಕೆ ಹನ್ನೊಂದು ಜನ, ಹಿಂದೆ ಇನ್ನಷ್ಟು ಜನ. ಇದನ್ನೆಲ್ಲ ಹೊಂದಿಸುವುದು ಹೈಸ್ಕೂಲು. ಶುಕ್ರವಾರ ಸಂಜೆಯ ಪಂದ್ಯಕ್ಕೆ ಇಡೀ ಊರೇ ಬರುತ್ತದೆ. ಕಾಲೇಜುಗಳು ಹುಡುಗರನ್ನು ಆರಿಸುವುದೂ ಅಲ್ಲಿಂದಲೇ, ಸ್ಕಾಲರ್‌ಶಿಪ್ ಸಿಗುವುದೂ ಅಲ್ಲಿಂದಲೇ. ಆ ಬಾಗಿಲು ಮುಚ್ಚಿದರೆ ಫುಟ್‌ಬಾಲ್ ಆಡುವ ಹುಡುಗನಿಗೆ ಬೇರೆ ದಾರಿ ಸಿಗುವುದು ಬಹಳ ಕಷ್ಟ.

1996ರ ಕಾನೂನು ಏನು ಹೇಳಿತು

ಫ್ಲೋರಿಡಾ ಆ ಬಾಗಿಲನ್ನು 1996ರಲ್ಲಿ ತೆರೆಯಿತು. ಟಿಮ್‌ಗೆ ಆಗ ಎಂಟೋ ಒಂಬತ್ತೋ ವರ್ಷ. ಅಂದರೆ ಈ ಕಾನೂನು ಅವನಿಗಾಗಿ ಬಂದದ್ದಲ್ಲ. ಅದರ ಹೆಸರು ಕ್ರೇಗ್ ಡಿಕಿನ್ಸನ್ ಕಾಯ್ದೆ. ವಾದ ಮಾಡುವವರು ಹೆಚ್ಚಿನವರು ಇದನ್ನು ಓದಿರುವುದಿಲ್ಲ ಎಂದು ನನಗೆ ಅನುಮಾನ. ಇದರ ಗಟ್ಟಿತನ ಇರುವುದು ಅದರ ಷರತ್ತುಗಳಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯದು, ಮಗು ಸುಮ್ನೆ ಮನೆಯಲ್ಲಿದೆ ಅಂದರೆ ಸಾಲದು. ನಮ್ಮ ಮಗುವಿಗೆ ಮನೆಯಲ್ಲೇ ಕಲಿಸುತ್ತೇವೆ ಎಂದು ಪೋಷಕರು ಜಿಲ್ಲೆಯ ಶಿಕ್ಷಣ ಅಧಿಕಾರಿಗೆ ಬರೆದುಕೊಟ್ಟಿರಬೇಕು. ಏನು ಕಲಿಸಿದೆವು ಅನ್ನುವ ದಾಖಲೆ ಇಟ್ಟುಕೊಂಡಿರಬೇಕು. ವರ್ಷಕ್ಕೊಮ್ಮೆ ಮೌಲ್ಯಮಾಪನ ಆಗಬೇಕು.

ಎರಡನೆಯದು, ಆಡಬೇಕಾದರೆ ಓದಿನಲ್ಲಿ ಮುಂದೆ ಹೋಗುತ್ತಿದ್ದೇನೆ ಎಂದು ತೋರಿಸಬೇಕು. ಹೇಗೆ ಅನ್ನುವುದನ್ನು ಪೋಷಕರು ಮತ್ತು ಶಾಲೆಯ ಪ್ರಿನ್ಸಿಪಾಲರು ಕೂತು ಒಪ್ಪಿಕೊಳ್ಳಬೇಕು. ಪ್ರಮಾಣಪತ್ರ ಇರುವ ಶಿಕ್ಷಕರೊಬ್ಬರು ಮಗುವಿನ ಕೆಲಸ ನೋಡಿ ಹೇಳಬಹುದು. ಅಂಚೆ ಕೋರ್ಸಿನ ಅಂಕ ತೋರಿಸಬಹುದು. ಇಲ್ಲವೇ ಎಲ್ಲ ಕಡೆ ಒಂದೇ ರೀತಿ ನಡೆಯುವ ಪರೀಕ್ಷೆ ಬರೆಯಬಹುದು. ಪರೀಕ್ಷೆ ಬರೆದರೆ ನೂರರಲ್ಲಿ 35 ಮಕ್ಕಳಿಗಿಂತ ಮೇಲೆ ಇರಬೇಕು.

ಮೂರನೆಯದು ವಿಳಾಸ. ಶಾಲೆಯ ಮಕ್ಕಳಿಗೆ ಯಾವ ವಾಸದ ನಿಯಮವೋ ಇವರಿಗೂ ಅದೇ. ನಿನ್ನ ಮನೆ ಯಾವ ಸರ್ಕಾರಿ ಶಾಲೆಯ ವ್ಯಾಪ್ತಿಗೆ ಬರುತ್ತದೋ, ಅಥವಾ ಜಿಲ್ಲೆಯ ನಿಯಮದಂತೆ ಯಾವ ಶಾಲೆಯನ್ನು ನೀನು ಆರಿಸಿಕೊಳ್ಳಬಹುದಿತ್ತೋ, ಅಲ್ಲಿ ಆಡು. ಖಾಸಗಿ ಶಾಲೆ ಒಪ್ಪಿದರೆ ಅಲ್ಲಿಯೂ ಆಡಬಹುದು. ನಡತೆ, ಶಿಸ್ತು, ಪ್ರಾಕ್ಟೀಸು ಎಲ್ಲಕ್ಕೂ ಒಂದೇ ಅಳತೆ. ಆಡುವ ಮನಸ್ಸಿದ್ದರೆ ಸೀಸನ್ ಶುರುವಾಗುವ ಮೊದಲೇ ಶಾಲೆಯಲ್ಲಿ ಹೆಸರು ಬರೆಸಬೇಕು. ಫೈನಲ್ ಹತ್ತಿರ ಬಂದಾಗ ಬಂದು ಸೇರಿಕೊಳ್ಳುವ ಹಾಗಿಲ್ಲ.

ನನಗೆ ತುಂಬ ಹಿಡಿಸಿದ್ದು ನಾಲ್ಕನೆಯದು. ಫ್ಲೋರಿಡಾದಲ್ಲಿ ಶಾಲೆಯ ಮಗು ತಂಡದಲ್ಲಿ ಉಳಿಯಬೇಕಾದರೆ 4ಕ್ಕೆ ಕನಿಷ್ಠ 2 ಸರಾಸರಿ ಅಂಕ ಇರಬೇಕು. ಅಂಕ ಕಮ್ಮಿಯಾಗಿ ತಂಡದಿಂದ ಹೊರಬಿದ್ದ ಹುಡುಗ ಏನು ಮಾಡಬಹುದು? ನಾಳೆಯಿಂದ ನಾನು ಮನೆಯಲ್ಲೇ ಓದುತ್ತೇನೆ ಎಂದು ಬರೆದುಕೊಟ್ಟು ಹಿಂಬಾಗಿಲಿಂದ ಮತ್ತೆ ತಂಡಕ್ಕೆ ಬರಬಹುದು. ಕೋಚೇ ಹಾಗೆ ಹೇಳಿಕೊಡಬಹುದು. ಕಾನೂನು ಬರೆದವರಿಗೆ ಇದು ಹೊಳೆದಿತ್ತು. ಅಂಥ ಹುಡುಗ ಒಂದು ಪೂರ್ತಿ ಪರೀಕ್ಷಾ ಅವಧಿಯನ್ನು ಮನೆಯ ಓದಿನಲ್ಲಿ ಮುಗಿಸಿ ತೋರಿಸುವ ತನಕ ಆಡುವಂತಿಲ್ಲ ಎಂದು ಬರೆದರು. ಮಕ್ಕಳನ್ನೂ ಕೋಚ್‌ಗಳನ್ನೂ ಹತ್ತಿರದಿಂದ ಬಲ್ಲವರಷ್ಟೇ ಇಂಥ ಸಾಲು ಬರೆಯಲು ಸಾಧ್ಯ.

ಟ್ರಿನಿಟಿಯಿಂದ ನೀಸ್‌ಗೆ

ಟಿಮ್ ಹೈಸ್ಕೂಲಿನ ಮೊದಲ ವರ್ಷ ಆಡಿದ್ದು ಜಾಕ್ಸನ್‌ವಿಲ್‌ನ ಟ್ರಿನಿಟಿ ಕ್ರಿಶ್ಚಿಯನ್ ಅಕಾಡೆಮಿ ಅನ್ನುವ ಖಾಸಗಿ ಶಾಲೆಗೆ. ಅಲ್ಲಿ ಅವನು ಲೈನ್‌ಬ್ಯಾಕರ್, ಟೈಟ್ ಎಂಡ್. ಅಂದರೆ ಎದುರಾಳಿಯನ್ನು ಹಿಡಿದು ಕೆಡವುವುದು, ದಾರಿ ಬಿಡಿಸುವುದು ಇಂಥ ಕೆಲಸ. ಮೈಕಟ್ಟು ಅದಕ್ಕೆ ಹೇಳಿಮಾಡಿಸಿದ ಹಾಗಿತ್ತು. ಆದರೆ ಅವನ ಮನಸ್ಸು ಇದ್ದದ್ದು ಕ್ವಾರ್ಟರ್‌ಬ್ಯಾಕ್ ಜಾಗದ ಮೇಲೆ. ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ, ಎಸೆಯಬೇಕೋ ಓಡಬೇಕೋ ತೀರ್ಮಾನಿಸುವುದು ಅವನು. ತಂಡದ ಮಿದುಳೂ ಅವನೇ, ಕೈಯೂ ಅವನೇ. ಟ್ರಿನಿಟಿಯ ತಂಡ ಚೆಂಡು ಹಿಡಿದು ಓಡುವುದನ್ನೇ ನೆಚ್ಚಿಕೊಂಡ ತಂಡ. ಎಸೆತ ಅಲ್ಲಿ ಕಮ್ಮಿ.

ಹಾಗಾಗಿ ಬೇರೆ ತಂಡ ಹುಡುಕಿದರು. ನೀಸ್ ಹೈಸ್ಕೂಲಿನ ಫುಟ್‌ಬಾಲ್ ತಂಡ ಆಗ ಸೋಲುತ್ತಲೇ ಇದ್ದ ತಂಡ. ಕೋಚ್ ಕ್ರೇಗ್ ಹವರ್ಡ್ ಎಸೆತದ ಆಟ ಆಡಿಸಲು ತಯಾರಿದ್ದರು. ಅಪಾರ್ಟ್‌ಮೆಂಟ್ ಹಿಡಿದದ್ದು ಇದಕ್ಕೆ. ವಿಳಾಸ ಬದಲಾಯಿತು, ಹುಡುಗ ಕಾನೂನಿನ ಪ್ರಕಾರ ನೀಸ್ ತಂಡಕ್ಕೆ ಅರ್ಹನಾದ.

ಮೊದಲ ಸೀಸನ್ನಿನ ಒಂದು ಪಂದ್ಯದ ಕಥೆಯನ್ನು ಅಲ್ಲಿನವರು ಈಗಲೂ ಹೇಳುತ್ತಾರೆ. ಪಂದ್ಯದ ನಡುವೆ ಅವನ ಬಲಗಾಲು ವಿಪರೀತ ನೋಯತೊಡಗಿತು. ಸ್ನಾಯು ಹಿಡಿದುಕೊಂಡಿರಬೇಕು ಅಂದುಕೊಂಡರು. ಅವನು ಹೊರಗೆ ಬರಲಿಲ್ಲ. ಆ ಕಾಲಿನಲ್ಲೇ ಚೆಂಡು ಹಿಡಿದು 29 ಗಜ ಓಡಿ ಟಚ್‌ಡೌನ್ ಮಾಡಿದ, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸಿದ. ಆಮೇಲೆ ನೋಡಿದರೆ ಮೊಣಕಾಲಿನ ಕೆಳಗಿನ ಸಣ್ಣ ಮೂಳೆ ಮುರಿದಿತ್ತು. ಆ ವರ್ಷ ಮತ್ತೆ ಆಡಲಾಗಲಿಲ್ಲ. ಹದಿನಾರು ವರ್ಷದ ಹುಡುಗನನ್ನು ಮುರಿದ ಕಾಲಲ್ಲಿ ಆಡಿಸಿದ್ದನ್ನು ನಾನು ಹೊಗಳಲಾರೆ. ಈ ಕಥೆ ಇಲ್ಲಿ ಯಾಕೆ ಬೇಕು ಅಂದರೆ, ತರಗತಿಯಲ್ಲಿ ಕೂರದವನಿಗೆ ಶಾಲೆಯ ಮೇಲೆ ಅಭಿಮಾನ ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಅವರಿಗೆ ಇದೊಂದು ಉತ್ತರ.

2005ರಲ್ಲಿ ನೀಸ್ ರಾಜ್ಯ ಚಾಂಪಿಯನ್ ಆಯಿತು. ಟಿಮ್ ಹೈಸ್ಕೂಲು ಮುಗಿಸಿ ಫ್ಲೋರಿಡಾ ವಿಶ್ವವಿದ್ಯಾಲಯಕ್ಕೆ ಹೋದ. 2007ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಗೌರವವಾದ ಹೈಸ್‌ಮನ್ ಟ್ರೋಫಿ ಸಿಕ್ಕಿತು. ಆ ವರ್ಷ ಎಸೆತದಿಂದ 32, ಓಟದಿಂದ 23 ಟಚ್‌ಡೌನ್. ಕಾಲೇಜಿನ ಎರಡನೇ ವರ್ಷದಲ್ಲೇ ಆ ಟ್ರೋಫಿ ಪಡೆದ ಮೊದಲಿಗ ಅವನು. 2010ರಲ್ಲಿ ಡೆನ್ವರ್ ಬ್ರಾಂಕೋಸ್ ಅನ್ನುವ ವೃತ್ತಿಪರ ತಂಡ ಆಟಗಾರರ ಆಯ್ಕೆಯ ಮೊದಲ ಸುತ್ತಿನಲ್ಲೇ ಅವನನ್ನು ಆರಿಸಿತು. ಮುಂದಿನದು ಬೇರೆ ಕಥೆ.

ಎದುರು ಮಾತುಗಳು

ಎದುರಾಳಿ ಶಾಲೆಯ ತಂದೆತಾಯಂದಿರ ಜಾಗದಲ್ಲಿ ನಿಂತು ನೋಡಿ. ನಿಮ್ಮ ಮಗ ಬೆಳಿಗ್ಗೆ ಬೇಗ ಎದ್ದು ಬಸ್ಸು ಹಿಡಿಯುತ್ತಾನೆ, ಏಳು ಪೀರಿಯಡ್ ಕೂರುತ್ತಾನೆ, ಗಣಿತದಲ್ಲಿ ಅಂಕ ಕಮ್ಮಿಯಾದರೆ ತಂಡದಿಂದ ಹೊರಗೆ. ಎದುರಿಗೆ ಇರುವವನು ಮನೆಯಲ್ಲಿ ಓದಿ, ತನಗೆ ಬೇಕಾದ ಆಟದ ಪದ್ಧತಿ ಇರುವ ಶಾಲೆ ಹುಡುಕಿ, ಅದರ ವ್ಯಾಪ್ತಿಯಲ್ಲಿ ಅಪಾರ್ಟ್‌ಮೆಂಟ್ ಹಿಡಿದು ಬಂದಿದ್ದಾನೆ. ಹೊಟ್ಟೆ ಉರಿಯದೆ ಇರುತ್ತಾ?

ನನಗೆ ನಮ್ಮೂರಿನ ಹೋಬಳಿ ಮಟ್ಟದ ಕ್ರೀಡಾಕೂಟ ನೆನಪಾಗುತ್ತದೆ. ಕಬಡ್ಡಿ ಅಂಕಣದ ಪಕ್ಕದಲ್ಲಿ ಒಂದು ಮೇಜು. ಅದರ ಮೇಲೆ ಎಲ್ಲ ಶಾಲೆಗಳ ಎಂಟ್ರಿ ಫಾರಂ, ಗಾಳಿಗೆ ಹಾರದ ಹಾಗೆ ಒಂದು ಕಲ್ಲು. ಫಾರಂ ಮೇಲೆ ಹೆಡ್‌ಮಾಸ್ಟರ್ ಸಹಿ, ಶಾಲೆಯ ಸೀಲು, ಹುಡುಗನ ಹುಟ್ಟಿದ ತಾರೀಖು. ಎದುರಿನ ತಂಡದ ರೈಡರ್ ಸ್ವಲ್ಪ ದಪ್ಪ ಮೀಸೆಯವನಾಗಿದ್ದರೆ ಸಾಕು, ನಮ್ಮ ಪಿಟಿ ಮೇಷ್ಟ್ರು ಆ ಮೇಜಿನ ಹತ್ತಿರ ಓಡುತ್ತಿದ್ದರು. 'ಇವನು ಆ ಶಾಲೆಯವನೇ ಅಲ್ಲ ಸಾರ್, ಹಾಜರಿ ಪುಸ್ತಕ ತರಿಸಿ!' ಅರ್ಧ ಗಂಟೆ ಪಂದ್ಯ ನಿಲ್ಲುತ್ತಿತ್ತು. ಶಾಲೆಯ ತಂಡ ಅಂದರೆ ಶಾಲೆಯ ಹಾಜರಿ ಪುಸ್ತಕದಲ್ಲಿ ಇರುವವರು ಅನ್ನುವುದು ನಮ್ಮ ರಕ್ತದಲ್ಲೇ ಇದೆ. ಅಮೆರಿಕದ ಆ ಪೋಷಕರ ಸಿಟ್ಟು ನನಗೆ ಅರ್ಥವಾಗುವುದು ಈ ಕಾರಣಕ್ಕೆ.

ಆದರೆ ಸಿಟ್ಟನ್ನು ಬಿಡಿಸಿ ನೋಡಿದರೆ ಅದರಲ್ಲಿ ನಾಲ್ಕು ಬೇರೆ ಬೇರೆ ಮಾತುಗಳಿವೆ. ಎಲ್ಲಕ್ಕೂ ಒಂದೇ ತೂಕ ಇಲ್ಲ.

ದುಡ್ಡಿನ ಮಾತು ನನಗೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ರಾಜ್ಯದಿಂದ ಶಾಲೆಗೆ ದುಡ್ಡು ಬರುವುದು ದಾಖಲಾದ ಮಕ್ಕಳ ಲೆಕ್ಕದಲ್ಲಿ. ಮನೆಯಲ್ಲಿ ಓದುವ ಮಗು ಆ ಲೆಕ್ಕದಲ್ಲಿ ಇಲ್ಲ, ಆದರೆ ಜೆರ್ಸಿ, ಬಸ್ಸು, ವಿಮೆ ಎಲ್ಲ ಅದಕ್ಕೂ ಬೇಕು. ನಿಜ. ಆದರೆ ಆ ತಂದೆತಾಯಿ ಕಟ್ಟುವ ಆಸ್ತಿ ತೆರಿಗೆಯಲ್ಲೂ ಆ ಶಾಲೆ ನಡೆಯುತ್ತದೆ. ಖರ್ಚು ಜಾಸ್ತಿ ಅನ್ನಿಸಿದರೆ ಫೀಸು ಕೇಳಿ, ಕೊಡುತ್ತಾರೆ.

ಜಾಗದ ಮಾತು ಹೃದಯಕ್ಕೆ ಹತ್ತಿರದ್ದು. ತಂಡದಲ್ಲಿ ಒಂದು ಜಾಗಕ್ಕೆ ಒಬ್ಬನೇ. ಹೊರಗಿನವನು ಬಂದರೆ ಒಳಗಿನವನೊಬ್ಬ ಬೆಂಚಿಗೆ. ಎರಡು ವರ್ಷ ಕಾದು ಕೂತ ಹುಡುಗನ ಮುಖ ನೆನೆಸಿಕೊಂಡರೆ ಸಂಕಟವಾಗುತ್ತದೆ. ಆದರೆ ಪಕ್ಕದ ಬೀದಿಗೆ ಹೊಸದಾಗಿ ಬಂದು ಶಾಲೆಗೆ ಸೇರಿದ ಹುಡುಗ ಅದೇ ಜಾಗ ಕಸಿದರೆ ನಾವು ಅನ್ಯಾಯ ಅನ್ನುವುದಿಲ್ಲ. ಆಟದಲ್ಲಿ ಜಾಗ ಆಡಿ ಗೆಲ್ಲಬೇಕಾದದ್ದು. ಹಾಗಾಗಿ ಈ ವಾದವೂ ನಿಲ್ಲುವುದಿಲ್ಲ.

ಓದಿನ ಮಾತು ಗಟ್ಟಿಯಾದದ್ದು. ಇದೇ ಮಾತಿನ ಮೇಲೆ ವರ್ಜೀನಿಯಾದಲ್ಲಿ ವರ್ಷಗಟ್ಟಲೆ ಜಗಳ ನಡೆಯಿತು. ಶಾಸಕ ರಾಬ್ ಬೆಲ್ ವರ್ಷ ವರ್ಷವೂ ಟೀಬೋ ಮಸೂದೆ ತಂದರು. ಅದು ಸೆನೆಟ್‌ನಲ್ಲಿ ಬಿದ್ದುಹೋಗುತ್ತಿತ್ತು. ಕೊನೆಗೆ ಎರಡೂ ಸದನ ದಾಟಿದಾಗ ಗವರ್ನರ್ ಟೆರಿ ಮೆಕಾಲಿಫ್ 2015, 2016, 2017 ಮೂರು ವರ್ಷವೂ ತಡೆದರು. ಅವರು ಹೇಳಿದ್ದರ ಸಾರ ಇಷ್ಟು. ಶಾಲೆಯ ತಂಡದಲ್ಲಿ ಆಡಬೇಕಾದರೆ ಮಕ್ಕಳು ಓದಿನ ಹಲವು ನಿಯಮ ಪಾಲಿಸಬೇಕು, ಆ ನಿಯಮ ಇಲ್ಲದವರನ್ನು ಅವರ ಪಕ್ಕದಲ್ಲಿ ನಿಲ್ಲಿಸಿದರೆ ಇಬ್ಬರಿಗೆ ಎರಡು ಅಳತೆ ಆಗುತ್ತದೆ. ಪ್ರಶ್ನೆ ಸರಿಯಾದದ್ದೇ. ಕಲಿಸುವವರೂ ಅಮ್ಮ, ಪಾಸು ಮಾಡುವವರೂ ಅಮ್ಮ ಆದರೆ ಆ ಅಂಕವನ್ನು ಪಕ್ಕದ ಮನೆಯವರು ನಂಬುವುದು ಹೇಗೆ? ಆದರೆ ಇದಕ್ಕೆ ಉತ್ತರ ಬಾಗಿಲು ಮುಚ್ಚುವುದಲ್ಲ, ಪರೀಕ್ಷೆ ಇಡುವುದು. ಫ್ಲೋರಿಡಾ ಅದನ್ನು ಆಗಲೇ ಬರೆದಿಟ್ಟಿತ್ತು. ಟೆಕ್ಸಸ್ 2021ರಲ್ಲಿ ಕಾನೂನು ತಂದಾಗ ಅದೂ ಹೊರಗಿನ ಪರೀಕ್ಷೆಯ ಷರತ್ತು ಇಟ್ಟಿತು. ತಂಡಕ್ಕೆ ಸೇರಿಸಿಕೊಳ್ಳುವುದು ಬಿಡುವುದನ್ನು ಆಯಾ ಶಾಲಾ ಜಿಲ್ಲೆಗೆ ಬಿಟ್ಟಿತು.

ಫ್ಲೋರಿಡಾದ ಷರತ್ತಿನಲ್ಲಿ ನನಗೆ ಕಾಣುವ ಒಂದೇ ಕೊರತೆ, ಅಳತೆಯನ್ನು ಪೋಷಕರೂ ಪ್ರಿನ್ಸಿಪಾಲರೂ ಮಾತಾಡಿ ನಿರ್ಧರಿಸುವುದು. ಹುಡುಗ ಸಾಮಾನ್ಯ ಆಟಗಾರನಾದರೆ ಪ್ರಿನ್ಸಿಪಾಲರು ಕಟ್ಟುನಿಟ್ಟಾಗಿರುತ್ತಾರೆ. ರಾಜ್ಯವೇ ನೋಡುತ್ತಿರುವ ಕ್ವಾರ್ಟರ್‌ಬ್ಯಾಕ್ ಆದರೆ? ಟಿಮ್ ವಿಷಯದಲ್ಲಿ ಹಾಗಾಯಿತು ಎಂದು ನಾನು ಹೇಳುತ್ತಿಲ್ಲ. ಅವನು ವಿಶ್ವವಿದ್ಯಾಲಯದಲ್ಲಿ ಚೆನ್ನಾಗಿಯೇ ಓದಿದ. ಆದರೆ ನಿಯಮ ಒಳ್ಳೆಯ ಹುಡುಗನನ್ನು ಮನಸ್ಸಿನಲ್ಲಿಟ್ಟು ಬರೆಯುವಂಥದ್ದಲ್ಲ. ನನ್ನ ಕೇಳಿದರೆ ಪರೀಕ್ಷೆ ಯಾವುದು ಅನ್ನುವುದನ್ನು ಶಾಲೆಯ ಕೈಗೂ ಕೊಡಬಾರದು, ರಾಜ್ಯವೇ ಹೇಳಬೇಕು.

ಉಳಿದದ್ದು ವಿಳಾಸದ ಮಾತು. ಟೀಬೋ ಪ್ರಕರಣದ ನಿಜವಾದ ಮುಳ್ಳು ಇದು.

ಊರ ಹುಡುಗ ಯಾರು

1996ರ ಕಾನೂನಿನ ಹಿಂದಿನ ತರ್ಕ ಸರಳ. ಈ ಮಗು ಈ ಊರಿನದು. ಇದರ ಗೆಳೆಯರು ಈ ಶಾಲೆಯಲ್ಲಿದ್ದಾರೆ, ಇದರ ತಂದೆತಾಯಿ ಈ ಶಾಲೆಗೆ ತೆರಿಗೆ ಕಟ್ಟುತ್ತಾರೆ. ಶನಿವಾರ ಇದೇ ಮೈದಾನದಲ್ಲಿ ಇದು ಆಡುತ್ತದೆ. ಸೋಮವಾರ ಪಾಠ ಎಲ್ಲಿ ಕೇಳುತ್ತದೆ ಅನ್ನುವುದಕ್ಕಾಗಿ ಹೊರಗೆ ನಿಲ್ಲಿಸಬೇಡಿ. ಹಾಜರಿ ಪುಸ್ತಕದ ಬದಲು ಊರನ್ನು ಲೆಕ್ಕಕ್ಕೆ ತಗೊಳ್ಳಿ. ಈ ತರ್ಕವನ್ನು ನಾನು ಮನಸಾರೆ ಒಪ್ಪುತ್ತೇನೆ.

ಆದರೆ ಟಿಮ್ ನೀಸ್‌ನ ಊರ ಹುಡುಗ ಆಗಿರಲಿಲ್ಲ. ಫುಟ್‌ಬಾಲ್‌ಗಾಗಿ ಆ ಊರಿನವನಾದ. ಅವರು ಮೋಸ ಮಾಡಲಿಲ್ಲ. ಸುಳ್ಳು ವಿಳಾಸ ಬರೆಯಲಿಲ್ಲ, ನಿಜವಾಗಿ ಹೋಗಿ ಉಳಿದರು. ಕಾನೂನು ಕೇಳಿದ್ದನ್ನು ಮಾಡಿದರು. ಶಾಲೆಗೆ ಹೋಗುವ ಮಕ್ಕಳ ತಂದೆತಾಯಂದಿರೂ ಹೀಗೆ ಮನೆ ಬದಲಾಯಿಸುತ್ತಾರೆ. ವ್ಯತ್ಯಾಸ ಒಂದು ಇದೆ. ಶಾಲೆಗೆ ಹೋಗುವ ಮಗು ಮನೆ ಬದಲಾಯಿಸಿದರೆ ಮೇಷ್ಟ್ರು, ಗೆಳೆಯರು, ಅರ್ಧ ಮುಗಿದ ಪಾಠ ಎಲ್ಲವನ್ನೂ ಬಿಟ್ಟು ಬರಬೇಕು. ಆ ನೋವು ಒಂದು ತಡೆಯ ಹಾಗೆ ಕೆಲಸ ಮಾಡುತ್ತದೆ. ಮನೆಯಲ್ಲಿ ಓದುವ ಮಗುವಿನ ಶಾಲೆ ಅಡುಗೆಮನೆಯ ಮೇಜಿನ ಜೊತೆಗೇ ಬರುತ್ತದೆ. ಕಳೆದುಕೊಳ್ಳುವುದು ಕಮ್ಮಿ. ಹಾಗಾಗಿ ತಂಡ ಆರಿಸಿಕೊಳ್ಳುವ ಸ್ವಾತಂತ್ರ್ಯ ಅವನಿಗೆ ಜಾಸ್ತಿ. ಅದರಲ್ಲೂ ಜಮೀನಿನ ಮನೆಯ ಜೊತೆಗೆ ಇನ್ನೊಂದು ಮನೆ ಹಿಡಿಯುವ ಶಕ್ತಿ ಇರುವವನಿಗೆ ಇನ್ನೂ ಜಾಸ್ತಿ.

ಇಂಥ ಪ್ರಕರಣವೇ ಚಳವಳಿಯ ಹೆಸರಾಗಿಬಿಟ್ಟಿತು ನೋಡಿ. ಟೀಬೋ ಮಸೂದೆ ಅಂದ ಕೂಡಲೇ ಎದುರಿನವರ ಕಣ್ಣ ಮುಂದೆ ಬರುವುದು 6 ಅಡಿ 3 ಇಂಚಿನ, ತಂಡ ಆರಿಸಿಕೊಂಡು ಬಂದ ಸ್ಟಾರ್. ಕೋಚ್‌ಗಳಿಗೆ ಹೆದರಿಕೆ ಹುಟ್ಟುವುದು ಅಲ್ಲಿ. ನಿಜಕ್ಕೂ ಆ ಕಾನೂನಿನ ಕೆಳಗೆ ಬರುವ ಮಗು ಬಹುಪಾಲು ಹಾಗಿರುವುದಿಲ್ಲ. ಕ್ರಾಸ್ ಕಂಟ್ರಿ ಓಟದಲ್ಲಿ ಮೂವತ್ತನೆಯದಾಗಿ ಬರುವ ಹುಡುಗಿ ಅದು. ಬೇಸ್‌ಬಾಲ್ ತಂಡದಲ್ಲಿ ನಾಲ್ಕು ವಾರಕ್ಕೊಮ್ಮೆ ಬ್ಯಾಟು ಸಿಗುವ ಹುಡುಗ ಅದು. ಅವರಿಗೆ ಬೇಕಾದದ್ದು ಜೊತೆಗೆ ಓಡುವ ನಾಲ್ಕು ಜನ, ಹೆಸರು ಹಿಡಿದು ಬೈಯುವ ಒಬ್ಬ ಕೋಚ್, ಬಸ್ಸಿನ ಹಿಂದಿನ ಸೀಟಿನ ಗಲಾಟೆ. ಅವರ ಹೆಸರಲ್ಲಿ ಯಾವ ಮಸೂದೆಯೂ ಇಲ್ಲ.

ವೆಸ್ಟ್ ವರ್ಜೀನಿಯಾದಲ್ಲಿ ಹೀಗೇ ಒಬ್ಬ ಸಣ್ಣ ಹುಡುಗ ಶಾಲೆಯ ಕುಸ್ತಿ ತಂಡಕ್ಕೆ ಸೇರಲು ಬಯಸಿದ. ಶಾಲೆ ಒಪ್ಪಲಿಲ್ಲ, ತಂದೆತಾಯಿ ಕೋರ್ಟಿಗೆ ಹೋದರು. 2005ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಶಾಲೆಯ ಕಡೆಗೆ ತೀರ್ಪು ಕೊಟ್ಟಿತು. ಶಾಲೆಯ ಆಟ ಮೂಲಭೂತ ಹಕ್ಕಲ್ಲ, ಅಂಕಗಳನ್ನು ಹೋಲಿಸುವುದು ಕಷ್ಟ, ದುಡ್ಡು ಬರುವುದು ದಾಖಲಾದ ಮಕ್ಕಳಿಗೆ ಅನ್ನುವವು ಅಲ್ಲಿನ ಕಾರಣಗಳು. ಟಿಮ್ ನೀಸ್‌ಗೆ ಕಪ್ ತಂದುಕೊಟ್ಟ ವರ್ಷವೂ ಅದೇ. ಒಂದೇ ದೇಶ, ಒಂದೇ ವರ್ಷ, ಒಬ್ಬನಿಗೆ ರಾಜ್ಯ ಚಾಂಪಿಯನ್ ಪಟ್ಟ, ಇನ್ನೊಬ್ಬನಿಗೆ ಶಾಲೆಯ ಕುಸ್ತಿ ತಂಡಕ್ಕೆ ಸೇರುವ ಹಕ್ಕೂ ಇಲ್ಲ. ಬಹಳ ವರ್ಷದ ಮೇಲೆ ಆ ರಾಜ್ಯವೂ ಕಾನೂನು ಬದಲಾಯಿಸಿತು. ಆದರೆ ಆ ಹುಡುಗನ ಆ ವಯಸ್ಸು ವಾಪಸ್ಸು ಬರುತ್ತದಾ?

ಶಾಲೆಯ ತಂಡ ಬೇಡ, ತಮ್ಮದೇ ತಂಡ ಕಟ್ಟಿಕೊಳ್ಳಲಿ ಅನ್ನುವವರೂ ಇದ್ದಾರೆ. ಮನೆಯಲ್ಲೇ ಕಲಿಸುವ ಪೋಷಕರಲ್ಲೇ ಕೆಲವರು ಹೀಗೆ ಹೇಳುತ್ತಾರೆ. ಇವತ್ತು ತಂಡಕ್ಕೆ ಸೇರಿಸಿಕೊಂಡ ಸರ್ಕಾರ ನಾಳೆ ನಮ್ಮ ಪಠ್ಯಕ್ಕೂ ಕೈ ಹಾಕೀತು ಅನ್ನುವ ಭಯ ಅವರದು. ಆ ದಾರಿಯಲ್ಲಿ ಹೋಗಿ ಗೆದ್ದವರಿದ್ದಾರೆ. ಟೆಕ್ಸಸ್‌ನ ಜಸ್ಟಿನ್ ಜ್ಯಾಕ್ಸನ್ ಹ್ಯೂಸ್ಟನ್‌ನಲ್ಲಿ ಮನೆಯಲ್ಲೇ ಓದುವ ಮಕ್ಕಳ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡಿ ಬೆಳೆದ. 2017ರಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಜೊತೆ ರಾಷ್ಟ್ರೀಯ ಚಾಂಪಿಯನ್ ಆದ. ಒಪ್ಪೋಣ. ಆದರೆ ಬಾಸ್ಕೆಟ್‌ಬಾಲ್‌ಗೆ ಐದು ಜನ, ಒಂದು ಅಂಕಣ ಸಾಕು. ಹ್ಯೂಸ್ಟನ್ ದೊಡ್ಡ ನಗರ. ಮೂರು ಸಾವಿರ ಜನರ ಊರಿನಲ್ಲಿ ಮನೆಯಲ್ಲೇ ಓದುವ ಆರು ಮಕ್ಕಳು ಸೇರಿ ಫುಟ್‌ಬಾಲ್ ತಂಡ ಕಟ್ಟುವುದು ಎಲ್ಲಿಂದ ಬಂತು?

ನಾನು ನಿಯಮ ಬರೆಯುವುದಾದರೆ ಫ್ಲೋರಿಡಾದ ಕಾನೂನನ್ನು ಎದುರಿಗಿಟ್ಟುಕೊಂಡು ಒಂದು ಸಾಲು ಸೇರಿಸುತ್ತೇನೆ. ಒಮ್ಮೆ ಒಂದು ಹೈಸ್ಕೂಲಿಗೆ ಆಡಿದ ಮನೆಪಾಠದ ಮಗು ಇನ್ನೊಂದು ಹೈಸ್ಕೂಲಿಗೆ ಹೋದರೆ ಒಂದು ಸೀಸನ್ ಕಾಯಬೇಕು. ಪ್ರಾಕ್ಟೀಸಿಗೆ ಬರಲಿ, ತಂಡದ ಜೊತೆ ಇರಲಿ, ಪಂದ್ಯ ಬೇಡ. ತಂದೆಯ ಕೆಲಸ, ಕಾಯಿಲೆ, ಮನೆಯ ಕಷ್ಟ ಇಂಥ ಕಾರಣವಿದ್ದರೆ ವಿನಾಯಿತಿ. ಈ ಸಾಲು ಇದ್ದಿದ್ದರೆ ಟಿಮ್ 2003ರ ಸೀಸನ್ ಹೊರಗೆ ಕೂರುತ್ತಿದ್ದ. 2004, 2005 ಎರಡೂ ಅವನಿಗೆ ಉಳಿಯುತ್ತಿತ್ತು, ಕಪ್ ಕೂಡ ಉಳಿಯುತ್ತಿತ್ತು. ಎದುರಾಳಿಗಳ ಬಾಯಿಗೂ ಅಷ್ಟು ಕೆಲಸ ಇರುತ್ತಿರಲಿಲ್ಲ.

ಹೀಗೆ ಬರೆದ ಮೇಲೆ ಇನ್ನೊಂದು ವಿಷಯ ಹೇಳಲೇಬೇಕು, ಯಾಕೆಂದರೆ ಅದು ನನ್ನ ಈ ಸಾಲಿಗೇ ಅಡ್ಡ ಬರುತ್ತದೆ. 2016ರಲ್ಲಿ ಫ್ಲೋರಿಡಾ ಶಾಲೆ ಆರಿಸಿಕೊಳ್ಳುವ ನಿಯಮವನ್ನೇ ಸಡಿಲ ಮಾಡಿತು. ಜಾಗ ಖಾಲಿ ಇದ್ದರೆ ರಾಜ್ಯದ ಯಾವ ಮಗು ಬೇಕಾದರೂ ಬೇರೆ ಕೌಂಟಿಯ ಸರ್ಕಾರಿ ಶಾಲೆಗೂ ಹೋಗಬಹುದು, ಹೋದ ಕೂಡಲೇ ಅಲ್ಲಿನ ತಂಡದಲ್ಲಿ ಆಡಲೂಬಹುದು. ಟಿಮ್‌ನನ್ನು ಬೈದವರ ಮಕ್ಕಳಿಗೂ ಈಗ ಆ ಸ್ವಾತಂತ್ರ್ಯ ಸಿಕ್ಕಿದೆ. ಕೋಚ್ ಇಷ್ಟವಾಗಲಿಲ್ಲ ಎಂದು ಶಾಲೆ ಬದಲಾಯಿಸುವ ಹುಡುಗರು ಅಲ್ಲಿ ಈಗ ಹಾಜರಿ ಪುಸ್ತಕದ ಒಳಗೇ ಇದ್ದಾರೆ. ಹಾಗಾಗಿ ಒಂದು ಸೀಸನ್ ಕಾಯುವ ಆ ಸಾಲನ್ನು ಮನೆಯಲ್ಲಿ ಓದುವ ಮಕ್ಕಳ ಮೇಲೆ ಮಾತ್ರ ಹೇರಿದರೆ ಅದು ಅನ್ಯಾಯ. ಹಾಕುವುದಾದರೆ ಎಲ್ಲರಿಗೂ ಹಾಕಬೇಕು. ಪ್ಯಾಮ್ ಟೀಬೋ ಅಂಥ ತಾಯಿ ಇವತ್ತು ಫ್ಲೋರಿಡಾದಲ್ಲಿದ್ದರೆ, ನೀಸ್‌ನಲ್ಲಿ ಜಾಗ ಖಾಲಿ ಇದ್ದರೆ, ಅಪಾರ್ಟ್‌ಮೆಂಟ್ ಹಿಡಿಯುವ ಅಗತ್ಯವೇ ಬರುತ್ತಿರಲಿಲ್ಲ. ಸೀಸನ್ ಶುರುವಾಗುವ ಮೊದಲು ಒಂದು ಫಾರಂ ತುಂಬಿ ಕೊಟ್ಟು, ಸಂಜೆಯ ಪ್ರಾಕ್ಟೀಸು ಮುಗಿಸಿದ ಮಗನನ್ನು ಕಾರಿನಲ್ಲಿ ಕೂರಿಸಿಕೊಂಡು ಜಮೀನಿನ ಮನೆಗೇ ವಾಪಸ್ಸು ಹೋಗುತ್ತಿದ್ದರು.